ಹಳದಿ ಇಂಜಿನ್ ಲೈಟ್ ಹತ್ತಿದೆಯಾ? ಗ್ಯಾರೇಜಿಗೆ ಹೋಗುವ ಮೊದಲು ಕೋಡ್ ನೀವೇ ಓದಿ

"ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ಲೈಟ್ ಬಂದಿದೆ, ಗಾಡಿ ಮಾತ್ರ ಚೆನ್ನಾಗೇ ಓಡ್ತಿದೆ, ಏನು ಮಾಡಲಿ?" ಮೈಸೂರು, ಮಂಡ್ಯ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ, ಆಯುಧಪೂಜೆ ಮುಗಿದ ವಾರ ಇನ್ನೂ ಜಾಸ್ತಿ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: "ಸೆನ್ಸರ್ ಹೋಗಿದೆ ಅಂತ ಬದಲಾಯಿಸಿದರು, ದುಡ್ಡೂ ಆಯ್ತು, ನಾಲ್ಕೇ ದಿನಕ್ಕೆ ಲೈಟ್ ಮತ್ತೆ ಬಂತು. ಯಾಕೆ?"

ಗಾಡಿಯ ಕಂಪ್ಯೂಟರ್ ಕೊಡುವ ಕೋಡ್ "ಈ ಭಾಗ ಬದಲಾಯಿಸಿ" ಅಂತ ಹೇಳುವುದಿಲ್ಲ. "ಇಲ್ಲಿ ಲೆಕ್ಕ ಹೊಂದುತ್ತಿಲ್ಲ" ಅಂತ ಮಾತ್ರ ಹೇಳುತ್ತದೆ. ಯಾಕೆ ಹೊಂದುತ್ತಿಲ್ಲ ಅಂತ ಹುಡುಕುವುದು ಮನುಷ್ಯರ ಕೆಲಸ. ಆ ಹುಡುಕಾಟದ ಅರ್ಧ ಭಾಗವನ್ನು ನೀವೇ ಮನೆ ಮುಂದೆ ಮಾಡಬಹುದು. ಉಳಿದರ್ಧಕ್ಕೆ ಮೆಕ್ಯಾನಿಕ್ ಬೇಕು. ಗೆರೆ ಎಲ್ಲಿ ಎಳೆಯಬೇಕು ಅನ್ನೋದನ್ನೂ ಹೇಳುತ್ತೇನೆ.

ಒಳಗೆ ನಡೆಯುವುದು ಇಷ್ಟು

ಇಂಜಿನ್ ನಡೆಸುವ ಕಂಪ್ಯೂಟರಿಗೆ ಇಸಿಯು ಅನ್ನುತ್ತಾರೆ. ಅದಕ್ಕೆ ಸುದ್ದಿ ತರುವವು ಸೆನ್ಸರ್‌ಗಳು. ಕ್ರ್ಯಾಂಕ್ ಸೆನ್ಸರ್ ಇಂಜಿನ್ ಎಷ್ಟು ವೇಗದಲ್ಲಿ, ಯಾವ ಕೋನದಲ್ಲಿ ತಿರುಗುತ್ತಿದೆ ಅಂತ ಹೇಳುತ್ತದೆ. ಮ್ಯಾಪ್ ಸೆನ್ಸರ್ ಇಂಜಿನ್ ಒಳಕ್ಕೆ ಹೋಗುವ ಗಾಳಿಯ ಒತ್ತಡ ಅಳೆಯುತ್ತದೆ. ಕೆಲವು ಗಾಡಿಗಳಲ್ಲಿ ಒತ್ತಡದ ಬದಲು ಗಾಳಿಯ ತೂಕವನ್ನೇ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇರುತ್ತದೆ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್, ಉರಿದ ಮೇಲೆ ಎಷ್ಟು ಆಮ್ಲಜನಕ ಉಳಿದಿದೆ ಅಂತ ನೋಡುತ್ತದೆ. ಆಕ್ಸಿಲರೇಟರ್ ಪೆಡಲ್ ಕೂಡ ಈಗ ಒಂದು ಸೆನ್ಸರ್ರೇ. ಹೆಚ್ಚಿನ ಗಾಡಿಗಳಲ್ಲಿ ಅಲ್ಲಿಂದ ಇಂಜಿನ್‌ಗೆ ಕೇಬಲ್ ಹೋಗುವುದಿಲ್ಲ, ವೈರ್ ಮಾತ್ರ.

ಈ ಸುದ್ದಿಯನ್ನೆಲ್ಲ ನೋಡಿ ಇಸಿಯು ಇಂಧನ ಸಿಂಪಡಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆಯಬೇಕು, ಕಿಡಿ ಯಾವಾಗ ಹೊಡೆಯಬೇಕು, ಗಾಳಿ ಒಳಬಿಡುವ ಥ್ರಾಟಲ್ ಎಷ್ಟು ಬಿಡಬೇಕು ಅಂತ ತೀರ್ಮಾನಿಸುತ್ತದೆ. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಆ ಹದ ತಪ್ಪಿದರೆ ಆಕ್ಸಿಜನ್ ಸೆನ್ಸರ್ ಹೇಳುತ್ತದೆ, ಇಸಿಯು ಸರಿಮಾಡಿಕೊಳ್ಳುತ್ತದೆ. ಸರಿಮಾಡಿಕೊಳ್ಳಲು ಆಗದಷ್ಟು ತಪ್ಪಿದಾಗ ಲೈಟ್ ಹತ್ತಿಸಿ ಒಂದು ಕೋಡ್ ಬರೆದಿಡುತ್ತದೆ. ಎಎಂಟಿ (ಮಾಮೂಲಿ ಗೇರ್‌ಬಾಕ್ಸಿನ ಕ್ಲಚ್, ಗೇರ್ ಕೆಲಸವನ್ನು ಯಂತ್ರವೇ ಮಾಡುವುದು) ಅಥವಾ ಆಟೋಮ್ಯಾಟಿಕ್ ಗಾಡಿಯಲ್ಲಿ ಗೇರ್‌ಬಾಕ್ಸ್ ನೋಡಿಕೊಳ್ಳಲೂ ಕಂಪ್ಯೂಟರ್ ಇರುತ್ತದೆ. ಅಲ್ಲಿ ತೊಂದರೆಯಾದರೂ ಇದೇ ಲೈಟ್ ಹತ್ತಬಹುದು.

ಏನೇನು ಬೇಕು

ಮೊದಲನೆಯದು, ಗಾಡಿಯಲ್ಲಿ ಒಬಿಡಿ ಪೋರ್ಟ್. ಒಬಿಡಿ ಅಂದರೆ ಗಾಡಿ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುವ ವ್ಯವಸ್ಥೆ. ನಮ್ಮ ದೇಶದಲ್ಲಿ ಬಿಎಸ್4 (ಹೊಗೆಗೆ ಮಿತಿ ಹಾಕುವ ಸರ್ಕಾರಿ ನಿಯಮದ ಒಂದು ಹಂತ) ಕಾರುಗಳಿಗೆ 2010ರ ಏಪ್ರಿಲ್‌ನಿಂದ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ ಕಡ್ಡಾಯವಾಯಿತು. 2013ರ ನಂತರದ ಕಾರಾದರೆ ಈ ಲೇಖನ ಪೂರ್ತಿ ನಿಮಗೇ. ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಪೋರ್ಟ್ ಇರುತ್ತದೆ. ಕೆಲವದರಲ್ಲಿ ಫ್ಯೂಸ್ ಬಾಕ್ಸಿನ ಮುಚ್ಚಳದ ಹಿಂದೆ ಅಡಗಿರುತ್ತದೆ. ಬಿಎಸ್6 ಬೈಕು, ಸ್ಕೂಟರುಗಳಲ್ಲೂ ಒಬಿಡಿ ಇದೆ. ಆದರೆ ಕಪ್ಲರ್, ಅಂದರೆ ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್ ಬೇರೆ, ಅದಕ್ಕೆ ಬೇರೆ ಅಡಾಪ್ಟರ್ ಬೇಕು.

ಎರಡನೆಯದು, ಇಎಲ್‌ಎಂ327 ಅನ್ನುವ ಚಿಪ್ ಇರುವ ಸಣ್ಣ ಡಾಂಗಲ್, ಅಂದರೆ ಆ ಪೋರ್ಟಿಗೆ ಸಿಕ್ಕಿಸಿ ಗಾಡಿಯ ಸುದ್ದಿಯನ್ನು ಫೋನಿಗೆ ಕಳಿಸುವ ಸ್ಕ್ಯಾನರ್. ಕೆಲವು ನೂರು ರೂಪಾಯಿಯಿಂದ ಸಿಗುತ್ತದೆ. ತೀರಾ ಅಗ್ಗದ್ದಕ್ಕೆ ಹೋಗಬೇಡಿ. "ವರ್ಷನ್ 2.1" ಅಂತ ಬರೆದಿರುವ ನಕಲುಗಳಲ್ಲಿ ಹಲವು ಅರ್ಧಕ್ಕರ್ಧ ಕಮಾಂಡ್‌ಗಳಿಗೆ ಉತ್ತರವನ್ನೇ ಕೊಡುವುದಿಲ್ಲ. ಆಂಡ್ರಾಯ್ಡ್ ಫೋನಿಗೆ ಮಾಮೂಲಿ ಬ್ಲೂಟೂತ್ ಡಾಂಗಲ್ ಸಾಕು. ಐಫೋನ್ ಇದ್ದರೆ ವೈಫೈ ಅಥವಾ ಬಿಎಲ್‌ಇ (ಕಡಿಮೆ ಕರೆಂಟ್ ಬಳಸುವ ಬೇರೆ ಬಗೆಯ ಬ್ಲೂಟೂತ್) ಇರುವುದನ್ನೇ ತಗೊಳ್ಳಿ, ಇಲ್ಲದಿದ್ದರೆ ಜೋಡಣೆಯೇ ಆಗಲ್ಲ.

ಮೂರನೆಯದು, ಫೋನಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್‌ನಂಥ ಒಂದು ಆ್ಯಪ್. ಜೊತೆಗೆ ಪೆನ್ನು, ಕಾಗದ.

ಹಂತ 1: ಲೈಟ್ ಹೇಗೆ ಉರಿಯುತ್ತಿದೆ ನೋಡಿ

ಹಳದಿ ಲೈಟ್ ಸುಮ್ಮನೆ ಉರಿಯುತ್ತಿದ್ದು ಗಾಡಿ ಸರಿಯಾಗಿ ಓಡುತ್ತಿದ್ದರೆ ಗಾಬರಿ ಬೇಡ. ಮನೆ ತಲುಪಿ, ಒಂದೆರಡು ದಿನದಲ್ಲಿ ಕೋಡ್ ಓದಿದರೆ ಸಾಕು.

ಲೈಟ್ ಮಿಣುಕುತ್ತಿದ್ದರೆ ಕಥೆ ಬೇರೆ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಹೊರಗೆ ಹೋಗುತ್ತಿದೆ ಅಂತ ಅರ್ಥ. ಗ್ಯಾರೇಜಿನವರು "ಮಿಸ್ಸಿಂಗ್" ಅನ್ನುವುದು ಇದನ್ನೇ. ಆ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಅಂದರೆ ಹೊಗೆಯ ವಿಷಾಂಶ ಕಡಿಮೆ ಮಾಡುವ, ಸೈಲೆನ್ಸರ್ ದಾರಿಯಲ್ಲಿರುವ ದುಬಾರಿ ಡಬ್ಬಿ. ಅದು ಒಳಗೇ ಕರಗಿ ಹಾಳಾಗಬಹುದು. ಆಕ್ಸಿಲರೇಟರ್ ಬಿಡಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಬೆಂಗಳೂರು ಹೆದ್ದಾರಿಯಲ್ಲಿದ್ದರೆ ಎಡಬದಿಗೆ ಪೂರ್ತಿ ಸರಿದು, ಹಜಾರ್ಡ್ ಲೈಟ್ ಹಾಕಿ, 1033ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ ಅದು.

ಕೆಂಪು ಬಣ್ಣದ ಆಯಿಲ್ ಲೈಟ್ ಅಥವಾ ಟೆಂಪರೇಚರ್ ಲೈಟ್ ಬಂದರೆ ತಕ್ಷಣ ಇಂಜಿನ್ ಆಫ್. ಅಲ್ಲಿ ಸ್ಕ್ಯಾನರಿನ ಮಾತೇ ಇಲ್ಲ.

ಇಲ್ಲೇ ಇನ್ನೊಂದು ಮಾತು. ಕೀ ಆನ್ ಮಾಡಿದಾಗ ಹಳದಿ ಲೈಟ್ ಹತ್ತಲೇಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಕೀ ಹಾಕಿದರೂ ಆ ಲೈಟ್ ಬರದಿದ್ದರೆ, ಯಾರೋ ಅದನ್ನು ಕಿತ್ತೋ ಮುಚ್ಚಿಯೋ ಇಟ್ಟಿದ್ದಾರಾ ಅಂತ ಅನುಮಾನಿಸಿ.

ಹಂತ 2: ಸ್ಕ್ಯಾನರಿಗಿಂತ ಮೊದಲು ಬಾನೆಟ್

ಬಹಳ ಜನ ಈ ಹಂತ ಹಾರಿಸುತ್ತಾರೆ. ನನ್ನ ಪ್ರಕಾರ ಅತಿ ಹೆಚ್ಚು ದುಡ್ಡು ಉಳಿಸುವುದು ಇದೇ.

ಇಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ನೋಡಿ. ನಮ್ಮ ಕಡೆ ಮೊದಲ ಆರೋಪಿ ಇಲಿ. ಗದ್ದೆ, ಕಬ್ಬಿನ ತೋಟದ ಪಕ್ಕ ಗಾಡಿ ನಿಲ್ಲಿಸುವ ಮಂಡ್ಯ, ಪಾಂಡವಪುರದ ಮನೆಗಳಲ್ಲಂತೂ ಸರಿಯೇ, ಕುವೆಂಪುನಗರದ ಖಾಲಿ ಸೈಟಿನ ಪಕ್ಕದ ಮನೆಯಲ್ಲೂ ಅದೇ ಕಾಟ. ಹಿಕ್ಕೆ, ಕಡಿದ ಸ್ಪಂಜಿನ ಚೂರು, ಹುಲ್ಲಿನ ಗೂಡು ಕಂಡರೆ ಪಕ್ಕದ ವೈರುಗಳನ್ನೆಲ್ಲ ಒಂದೊಂದಾಗಿ ನೋಡಿ. ವೈರಿನ ಮೇಲಿನ ಪ್ಲಾಸ್ಟಿಕ್ ಕೊಳವೆ ಹರಿದಿದ್ದರೆ ಒಳಗಿನದೂ ಕಡಿದಿರಬಹುದು.

ಎರಡನೇ ಆರೋಪಿ ನೀರು. ಆಯುಧಪೂಜೆಗೆ ಗಾಡಿ ತೊಳೆಯುವ ಉತ್ಸಾಹದಲ್ಲಿ ಬಾನೆಟ್ ಎತ್ತಿ ಪ್ರೆಷರ್ ಗನ್ ಹಿಡಿಯುತ್ತಾರೆ. ನೀರು ಕಪ್ಲರ್ ಒಳಗೆ, ಪ್ಲಗ್ ಇರುವ ಗುಂಡಿಯೊಳಗೆ ನಿಲ್ಲುತ್ತದೆ. ಮಾರನೇ ದಿನ ಗಾಡಿಗೆ ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟ್. ತೊಳೆಯಲೇಬೇಕಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಸಾಕು. ಆಗಲೇ ನೀರು ಹೋಗಿದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಡಿ. ಕೀ ಆಫ್ ಮಾಡಿ, ಅನುಮಾನ ಇರುವ ಕಪ್ಲರ್ ಬಿಚ್ಚಿ, ಒಣಗಲು ಬಿಟ್ಟು, "ಟಕ್" ಅಂತ ಸದ್ದು ಬರುವವರೆಗೆ ಒತ್ತಿ ಹಾಕಿ.

ಹಾಗೇ ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್, ಅದರಿಂದ ಇಂಜಿನ್‌ಗೆ ಹೋಗುವ ಹೋಸ್, ಬ್ಯಾಟರಿ ಟರ್ಮಿನಲ್ ಬಿಗಿ, ಕೂಲೆಂಟ್ ಮಟ್ಟ ನೋಡಿ. ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಬಾರದು. ಸರ್ವಿಸ್ ಆದ ಮಾರನೇ ದಿನವೇ ಲೈಟ್ ಬಂದಿದ್ದರೆ ಏರ್ ಫಿಲ್ಟರ್ ಸುತ್ತಲೇ ಹುಡುಕಿ. ಯಾವುದೋ ಕಪ್ಲರ್ ವಾಪಸ್ ಹಾಕಲು ಮರೆತಿರುತ್ತಾರೆ.

ಅಮೆರಿಕದ ವಿಡಿಯೋಗಳಲ್ಲಿ "ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ" ಅನ್ನೋದೇ ಮೊದಲ ಸಲಹೆ. ಅಲ್ಲಿನ ಗಾಡಿಗಳು ಟ್ಯಾಂಕಿನಿಂದ ಆವಿ ಸೋರುತ್ತಿದೆಯಾ ಅಂತ ಪರೀಕ್ಷಿಸಿಕೊಳ್ಳುತ್ತವೆ. ನಮ್ಮಲ್ಲಿ ಅದು ಸಾಮಾನ್ಯ ಕಾರಣವಲ್ಲ. ಬಿಗಿ ಮಾಡಿ, ನಷ್ಟವೇನಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ.

ಹಂತ 3: ಜೋಡಿಸಿ

ಕೀ ಆಫ್ ಇರುವಾಗ ಡಾಂಗಲ್ ಹಾಕಿ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಬೇಡ. ಬಟನ್ ಸ್ಟಾರ್ಟ್ ಗಾಡಿಯಾದರೆ ಕ್ಲಚ್ ಅಥವಾ ಬ್ರೇಕ್ ಒತ್ತದೆ ಬಟನ್ ಎರಡು ಸಲ ಒತ್ತಿದರೆ ಸಾಮಾನ್ಯವಾಗಿ ಈ ಸ್ಥಿತಿಗೆ ಬರುತ್ತದೆ. ಫೋನಿನಲ್ಲಿ ಬ್ಲೂಟೂತ್ ಜೋಡಿಸಿ. ಪಿನ್ ಕೇಳಿದರೆ 1234 ಅಥವಾ 0000. ಆ್ಯಪ್ ತೆರೆದು ಕನೆಕ್ಟ್ ಒತ್ತಿ. ಡಾಂಗಲ್‌ನಲ್ಲಿ ಲೈಟೇ ಬರದಿದ್ದರೆ ಗಾಡಿಯ ಫ್ಯೂಸ್ ನೋಡಿ. ಎಷ್ಟೋ ಗಾಡಿಗಳಲ್ಲಿ ಒಬಿಡಿ ಪೋರ್ಟಿಗೂ ಚಾರ್ಜರ್ ಸಾಕೆಟ್ಟಿಗೂ ಒಂದೇ ಫ್ಯೂಸ್ ಇರುತ್ತದೆ.

ಹಂತ 4: ಓದಿ, ಬರೆದುಕೊಳ್ಳಿ, ಅಳಿಸಬೇಡಿ

ಆ್ಯಪ್‌ನಲ್ಲಿ ಕೋಡ್ ಓದುವ ಬಟನ್ ಪಕ್ಕದಲ್ಲೇ ಅಳಿಸುವ ಬಟನ್ ಇರುತ್ತದೆ. ಅದನ್ನು ಈಗ ಮುಟ್ಟಬೇಡಿ. ಅಳಿಸಿದರೆ ಕೋಡ್ ಜೊತೆ ಸಾಕ್ಷಿಯೂ ಹೋಗುತ್ತದೆ.

ಆ ಸಾಕ್ಷಿಯ ಹೆಸರು ಫ್ರೀಜ್ ಫ್ರೇಮ್. ಕೋಡ್ ಬಿದ್ದ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಆರ್‌ಪಿಎಂ, ಎಷ್ಟು ವೇಗ, ಇಂಜಿನ್ ಮೇಲೆ ಕೆಲಸದ ಭಾರ ಎಷ್ಟಿತ್ತು ಅಂತ ಇಸಿಯು ದಾಖಲಿಸಿಟ್ಟ ಪಟ್ಟಿ ಅದು. ತಣ್ಣನೆಯ ಇಂಜಿನ್, ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವುದು), ವೇಗ ಸೊನ್ನೆ ಇದ್ದರೆ ತೊಂದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗಿನದು. ಹೆಚ್ಚು ಭಾರ, ಕಡಿಮೆ ವೇಗ ಇದ್ದರೆ ಏರು ಹತ್ತುವಾಗಿನದು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಕೋಡ್ ಓದುವುದು ಕಷ್ಟವಲ್ಲ. ಮೊದಲ ಅಕ್ಷರ "ಪಿ" ಇದ್ದರೆ ಇಂಜಿನ್, ಗೇರ್‌ಬಾಕ್ಸ್. "ಸಿ" ಬ್ರೇಕ್, ಸ್ಟೇರಿಂಗ್ ಕಡೆಯದು. "ಬಿ" ಬಾಡಿ, ಏರ್‌ಬ್ಯಾಗ್. "ಯು" ಬಂದರೆ ಕಂಪ್ಯೂಟರುಗಳ ನಡುವೆ ಮಾತುಕತೆ ನಿಂತಿದೆ ಅಂತ. ನಂತರದ ಅಂಕಿ 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ. 1 ಇದ್ದರೆ ಆ ಕಂಪನಿಯದ್ದೇ ಅರ್ಥ, ಆ್ಯಪ್ ಹೇಳುವ ವಿವರಣೆಯನ್ನು ಪೂರ್ತಿ ನಂಬಬೇಡಿ.

"ಪೆಂಡಿಂಗ್" ಅಂತ ಬಂದರೆ ಇಸಿಯುಗೆ ಅನುಮಾನ ಇದೆ, ಇನ್ನೂ ಖಾತ್ರಿಯಾಗಿಲ್ಲ ಅಂತ. ಅದನ್ನೂ ಬರೆದುಕೊಳ್ಳಿ. ಬ್ಯಾಟರಿ ಡೌನ್ ಆಗಿದ್ದಾಗ ಒಟ್ಟಿಗೆ ಹತ್ತಾರು ಕೋಡ್ ಬೀಳುವುದುಂಟು. ಹಾಗಾದರೆ ಮೊದಲು ಬ್ಯಾಟರಿ ನೋಡಿ, ಕೋಡ್‌ಗಳ ಹಿಂದೆ ಹೋಗಬೇಡಿ.

ಹಂತ 5: ಕೋಡ್‌ಗೆ ಮೋಸ ಹೋಗಬೇಡಿ

ನಮ್ಮ ರಸ್ತೆಗಳಲ್ಲಿ ಹೆಚ್ಚು ಕಾಣುವ ಕೆಲವು ಕೋಡ್ ತಗೊಳ್ಳೋಣ.

ಪಿ0113: ಒಳಬರುವ ಗಾಳಿಯ ತಾಪ ಅಳೆಯುವ ಸೆನ್ಸರಿನ ಸರ್ಕ್ಯೂಟ್. ಲೈವ್ ಡೇಟಾದಲ್ಲಿ, ಅಂದರೆ ಸೆನ್ಸರ್‌ಗಳು ಆ ಕ್ಷಣಕ್ಕೆ ಕೊಡುವ ಅಂಕಿಗಳನ್ನು ತೋರಿಸುವ ಆ್ಯಪ್ ಪುಟದಲ್ಲಿ, ಗಾಳಿಯ ತಾಪ ಮೈನಸ್ 40 ಡಿಗ್ರಿ ಅಂತ ತೋರಿಸುತ್ತಿದೆಯಾ? ಮೈಸೂರಿನ ಧನುರ್ಮಾಸದ ಚಳಿಗೂ ಒಂದು ಮಿತಿ ಇದೆ ಅಲ್ವಾ! ವೈರ್ ತುಂಡಾಗಿದೆ ಅಥವಾ ಕಪ್ಲರ್ ಬಿಟ್ಟಿದೆ. ಸೆನ್ಸರ್ ಕೊಳ್ಳುವ ಮೊದಲು ಅದನ್ನು ನೋಡಿ.

ಪಿ0171: ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಆಕ್ಸಿಜನ್ ಸೆನ್ಸರ್ ಕೊಟ್ಟ ವರದಿಯಿಂದ ಈ ಕೋಡ್ ಬರುವುದರಿಂದ ಆ ಸೆನ್ಸರನ್ನೇ ಬದಲಾಯಿಸಿಬಿಡುತ್ತಾರೆ. ಸುದ್ದಿ ತಂದವನಿಗೇ ಶಿಕ್ಷೆ ಕೊಟ್ಟ ಹಾಗೆ. ಬಿರುಕು ಬಿಟ್ಟ ಹೋಸ್, ಕಟ್ಟಿಕೊಂಡ ಇಂಜೆಕ್ಟರ್, ಸೋತ ಪೆಟ್ರೋಲ್ ಪಂಪ್, ಕೊಳೆಯಾದ ಏರ್ ಫ್ಲೋ ಸೆನ್ಸರ್, ಯಾವುದೂ ಆಗಬಹುದು. ಪತ್ತೆ ಮಾಡುವ ದಾರಿ ಮುಂದಿನ ಹಂತದಲ್ಲಿದೆ.

ಪಿ0301ರಿಂದ ಪಿ0304: ಕೊನೆಯ ಅಂಕಿ ಎಷ್ಟನೇ ಸಿಲಿಂಡರ್ ಅಂತ ಹೇಳುತ್ತದೆ. ಪ್ಲಗ್ ಮೇಲೆ ಒಂದೊಂದು ಕಾಯಿಲ್ (ಕಿಡಿಗೆ ಬೇಕಾದ ಕರೆಂಟ್ ಕೊಡುವ ಭಾಗ) ಇರುವ ಗಾಡಿಯಾದರೆ ಒಂದು ಒಳ್ಳೆ ಉಪಾಯ ಇದೆ. ಮಿಸ್ಸಿಂಗ್ ಇರುವ ಸಿಲಿಂಡರಿನ ಕಾಯಿಲನ್ನು ಪಕ್ಕದ್ದಕ್ಕೆ ಅದಲುಬದಲು ಮಾಡಿಸಿ. ಕೋಡ್ ಕೂಡ ಪಕ್ಕದ ಸಿಲಿಂಡರಿಗೆ ಹೋದರೆ ಕಾಯಿಲ್ ಕೆಟ್ಟಿದೆ. ಹೋಗದಿದ್ದರೆ ಪ್ಲಗ್, ಆಮೇಲೆ ಇಂಜೆಕ್ಟರ್. ಖರ್ಚಿಲ್ಲದ ಪರೀಕ್ಷೆ.

ಪಿ0420: ಕನ್ವರ್ಟರ್ ಕೆಲಸ ಸಾಲುತ್ತಿಲ್ಲ. ಈ ಕೋಡ್ ಒಂದನ್ನೇ ನೋಡಿ ಕನ್ವರ್ಟರ್ ಬದಲಾಯಿಸಿ ಅಂದರೆ ಒಪ್ಪಬೇಡಿ. ಸೈಲೆನ್ಸರ್ ಪೈಪಿನಲ್ಲಿ ಸೋರಿಕೆ ಇದೆಯಾ, ಮಿಸ್ಸಿಂಗ್ ಕೋಡ್ ಜೊತೆಗಿದೆಯಾ ಅಂತ ಮೊದಲು ನೋಡಲಿ.

ಪಿ0335 ಕ್ರ್ಯಾಂಕ್ ಸೆನ್ಸರಿನದು. ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗಲ್ಲ, ಅಥವಾ ಬಿಸಿಯಾದ ಮೇಲೆ ದಾರಿಯಲ್ಲಿ ನಿಂತುಬಿಡುತ್ತದೆ. ಇದನ್ನು ಮುಂದೂಡಬೇಡಿ.

ಹಂತ 6: ಲೈವ್ ಡೇಟಾ ನೋಡಿ

ಕೋಡ್ ಓದುವುದನ್ನು ಯಾರು ಬೇಕಾದರೂ ಮಾಡುತ್ತಾರೆ. ನಿಜವಾದ ಸುಳಿವು ಸಿಗುವುದು ಇಲ್ಲಿ.

ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೀ ಆನ್ ಮಾಡಿ ಕೂಲೆಂಟ್ ತಾಪ, ಒಳಗಾಳಿಯ ತಾಪ ಎರಡನ್ನೂ ನೋಡಿ. ರಾತ್ರಿಯೆಲ್ಲ ನಿಂತಿದ್ದ ಗಾಡಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 22, ಇನ್ನೊಂದು 50 ಅಂತ ಬಂದರೆ ಒಂದು ಸೆನ್ಸರ್ ಸುಳ್ಳು ಹೇಳುತ್ತಿದೆ.

ಆಮೇಲೆ ಮ್ಯಾಪ್ ಸೆನ್ಸರ್. ಇಂಜಿನ್ ಆಫ್ ಇದ್ದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ವಿಡಿಯೋಗಳಲ್ಲಿ 101 ಕಿಲೋಪ್ಯಾಸ್ಕಲ್ ಇರಬೇಕು ಅನ್ನುತ್ತಾರೆ. ಅದು ಸಮುದ್ರಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ 92ರ ಆಸುಪಾಸು, ಮಂಡ್ಯದಲ್ಲಿ 93ರ ಆಸುಪಾಸು ಬಂದರೆ ಸೆನ್ಸರ್ ಸರಿಯಾಗಿದೆ. 101 ಬರಲಿಲ್ಲ ಅಂತ ಬದಲಾಯಿಸಬೇಡಿ. ಅನುಮಾನ ಇದ್ದರೆ ಚಾಮುಂಡಿ ಬೆಟ್ಟದ ಮೇಲೆ ಇಂಜಿನ್ ಆಫ್ ಮಾಡಿ, ಕೀ ಆನ್ ಇಟ್ಟು ನೋಡಿ. ಸುಮಾರು 3 ಕಿಲೋಪ್ಯಾಸ್ಕಲ್ ಇಳಿದಿರಬೇಕು.

ಈಗ ಸ್ಟಾರ್ಟ್ ಮಾಡಿ. ಬ್ಯಾಟರಿ ವೋಲ್ಟೇಜ್ ಆಫ್ ಇದ್ದಾಗ 12.4ಕ್ಕಿಂತ ಮೇಲೆ, ಓಡುವಾಗ 13.5ರಿಂದ 14.7ರ ನಡುವೆ ಇರಬೇಕು. ಈಚಿನ ಕೆಲವು ಗಾಡಿಗಳು ಇಂಧನ ಉಳಿಸಲು ಬೇಕಂತಲೇ ಚಾರ್ಜಿಂಗ್ ಕಡಿಮೆ ಮಾಡುತ್ತವೆ. ಹಾಗಾಗಿ ಒಂದೇ ಸಲ ನೋಡಿ ತೀರ್ಮಾನಿಸಬೇಡಿ. ಕೂಲೆಂಟ್ ಬಿಸಿಯಾದ ಮೇಲೆ ಸಾಮಾನ್ಯವಾಗಿ 85ರಿಂದ 105 ಡಿಗ್ರಿ ಒಳಗೆ ನಿಲ್ಲುತ್ತದೆ. ಎಷ್ಟು ಓಡಿಸಿದರೂ 70 ದಾಟುತ್ತಿಲ್ಲ ಅಂದರೆ ಥರ್ಮೋಸ್ಟಾಟ್, ಅಂದರೆ ಬಿಸಿ ನೋಡಿ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಬಾಗಿಲು, ತೆರೆದೇ ಕೂತಿದೆ. ಮೈಲೇಜ್ ಬೀಳುವುದಕ್ಕೆ ಅದೂ ಒಂದು ಕಾರಣ.

ಇನ್ನು ಫ್ಯೂಯಲ್ ಟ್ರಿಮ್. ಇಸಿಯು ಲೆಕ್ಕ ಹಾಕಿದ್ದಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಕೊಡಬೇಕಾಗಿದೆ ಅನ್ನುವ ಅಂಕಿ ಇದು. ಶಾರ್ಟ್ ಟರ್ಮ್ ಕ್ಷಣಕ್ಷಣದ್ದು, ಲಾಂಗ್ ಟರ್ಮ್ ರೂಢಿಯಾಗಿದ್ದು. ಎರಡನ್ನೂ ಕೂಡಿಸಿ. ಪ್ಲಸ್ 10ರಿಂದ ಮೈನಸ್ 10ರೊಳಗೆ ಇದ್ದರೆ ನೆಮ್ಮದಿ. ಪಿ0171 ಬಂದ ಗಾಡಿಯಲ್ಲಿ ಪ್ಲಸ್ 20ಕ್ಕಿಂತ ಜಾಸ್ತಿ ಇರಬಹುದು. ಗಾಡಿ ನಿಂತಲ್ಲೇ ಆರ್‌ಪಿಎಂ 2,500ಕ್ಕೆ ಏರಿಸಿ ಹಿಡಿಯಿರಿ. ಐಡ್ಲಿಂಗ್‌ನಲ್ಲಿ ಜಾಸ್ತಿ ಇದ್ದ ಟ್ರಿಮ್ ಈಗ ಇಳಿದರೆ ಎಲ್ಲೋ ಕಳ್ಳಗಾಳಿ ಒಳಗೆ ನುಗ್ಗುತ್ತಿದೆ, ಹೋಸ್ ಹುಡುಕಿ. ಇಳಿಯದೆ ಭಾರ ಬಿದ್ದಷ್ಟೂ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಏರ್ ಫ್ಲೋ ಸೆನ್ಸರ್ ಕಡಿಮೆ ಅಳೆಯುತ್ತಿದೆ. ಭಾರದ ಪರೀಕ್ಷೆಗೆ ಬೆಟ್ಟದ ರಸ್ತೆಗಿಂತ ಒಳ್ಳೆ ಜಾಗ ಮೈಸೂರಿನಲ್ಲಿಲ್ಲ. ಆದರೆ ಫೋನ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ. ತಿರುವುಗಳಲ್ಲಿ ನೀವು ರಸ್ತೆ ನೋಡಿ.

ಹಳೇ ಕಾರಿಗೆ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಹಾಕಿಸಿದ ಮೇಲೆ ಲಾಂಗ್ ಟರ್ಮ್ ಟ್ರಿಮ್ ಕೆಲವು ಅಂಕ ಮೇಲೇರಿದ್ದರೆ ಅದು ರೋಗವಲ್ಲ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಇಸಿಯು ಸ್ವಲ್ಪ ಹೆಚ್ಚು ಇಂಧನ ಕೊಡುತ್ತದೆ. ಕಬ್ಬು ಬೆಳೆಯುವ ಮಂಡ್ಯದವರಿಗೆ ಎಥನಾಲ್ ಹೊಸದೇನಲ್ಲ ಬಿಡಿ.

ಹಂತ 7: ಸರಿಮಾಡಿ, ಆಮೇಲೆ ಅಳಿಸಿ

ಕಪ್ಲರ್, ಹೋಸ್, ಪ್ಲಗ್, ಏನು ಸರಿಮಾಡಬೇಕೋ ಅದಾದ ಮೇಲೆ ಆ್ಯಪ್‌ನಲ್ಲಿ ಕೋಡ್ ಅಳಿಸಿ. ಇಂಜಿನ್ ಆಫ್, ಕೀ ಆನ್ ಇರುವಾಗ ಮಾಡಿ. ಬ್ಯಾಟರಿ ವೈರ್ ಬಿಚ್ಚಿ ಲೈಟ್ ಆರಿಸುವ ಹಳೇ ಪದ್ಧತಿ ಬೇಡ. ಇಸಿಯು ಕಲಿತಿಟ್ಟುಕೊಂಡ ಐಡ್ಲಿಂಗ್ ಲೆಕ್ಕ ಹೋಗಬಹುದು, ಕೆಲವು ಮ್ಯೂಸಿಕ್ ಸಿಸ್ಟಂ ಪಾಸ್‌ವರ್ಡ್ ಕೇಳಿಕೊಂಡು ಕೂರುತ್ತವೆ.

ಅಳಿಸದೆ ಬಿಟ್ಟರೂ, ತೊಂದರೆ ನಿಜವಾಗಿ ಹೋಗಿದ್ದರೆ ಸಾಮಾನ್ಯವಾಗಿ ಮೂರು ಒಳ್ಳೆಯ ಓಡಾಟದ ನಂತರ ಲೈಟ್ ತಾನಾಗಿ ಆರುತ್ತದೆ. ಪಕ್ಕದ ಬೀದಿಯ ಅಂಗಡಿಗೆ ಹೋಗಿಬಂದರೆ ಲೆಕ್ಕಕ್ಕಿಲ್ಲ. ತಣ್ಣನೆಯ ಇಂಜಿನ್‌ನಿಂದ ಶುರುವಾಗಿ, ಸ್ವಲ್ಪ ಊರೊಳಗೆ, ಸ್ವಲ್ಪ ಒಂದೇ ವೇಗದಲ್ಲಿ ಓಡಬೇಕು. ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರ್. ಒಂದು ಸಲ ಹೋಗಿಬಂದರೆ ಒಳ್ಳೆ ಪರೀಕ್ಷೆ.

ಆ್ಯಪ್‌ನಲ್ಲಿ "ರೆಡಿನೆಸ್" ಅಂತ ಒಂದು ಪುಟ ಇರುತ್ತದೆ. ಇಸಿಯು ತನ್ನ ಸ್ವಪರೀಕ್ಷೆಗಳನ್ನು ಮುಗಿಸಿದೆಯೋ ಇಲ್ಲವೋ ಅಂತ ಅಲ್ಲಿ ಕಾಣುತ್ತದೆ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಕೋಡ್ ಒಂದೂ ಇಲ್ಲ, ಆದರೆ ಪರೀಕ್ಷೆಗಳೆಲ್ಲ ಬಾಕಿ ಅಂತ ತೋರಿಸಿದರೆ, ನೀವು ಬರುವ ಮೊದಲೇ ಯಾರೋ ಅಳಿಸಿರಬಹುದು. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದನ್ನೂ ಬಹಳಷ್ಟು ಗಾಡಿಗಳು ತೋರಿಸುತ್ತವೆ. ಕೇಳಿ ನೋಡಿ, ಮಾರುವವರ ಮುಖ ನೋಡಲು ಚೆನ್ನಾಗಿರುತ್ತದೆ.

ಡೀಸೆಲ್ ಗಾಡಿಯವರಿಗೆ

ಬಿಎಸ್6 ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಇರುತ್ತದೆ. ಹೊಗೆಯ ಮಸಿ ಹಿಡಿದಿಡುವ ಜಾಲರಿ ಅದು. ತುಂಬಿದಾಗ ಇಸಿಯು ತಾನೇ ಡೀಸೆಲ್ ಹೆಚ್ಚು ಕೊಟ್ಟು, ಜಾಲರಿಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡುತ್ತದೆ. ಇದಕ್ಕೆ ರೀಜನರೇಷನ್ ಅನ್ನುತ್ತಾರೆ. ದಿನಾ ಮಕ್ಕಳನ್ನು ಸ್ಕೂಲಿಗೆ ಬಿಟ್ಟು, ದೇವರಾಜ ಮಾರ್ಕೆಟ್ ಸುತ್ತಿ ಮನೆಗೆ ಬಂದರೆ ಆ ಬಿಸಿ ಬರುವುದೇ ಇಲ್ಲ. ಪಿ2463, ಅಂದರೆ ಮಸಿ ಜಾಸ್ತಿಯಾಗಿದೆ ಅನ್ನುವ ಕೋಡ್, ಹೀಗೆ ಬರುತ್ತದೆ.

ಡಿಪಿಎಫ್ ಲೈಟ್ ಮಾತ್ರ ಬಂದಿದ್ದರೆ ಹೆದ್ದಾರಿಗೆ ಹೋಗಿ ಒಂದೇ ಸಮನೆ 15–20 ನಿಮಿಷ ಓಡಿಸಿ. ವೇಗ, ಗೇರ್ ಎಷ್ಟಿರಬೇಕು ಅಂತ ಗಾಡಿಯ ಕೈಪಿಡಿಯಲ್ಲಿದೆ. ಮಧ್ಯೆ ನಿಲ್ಲಿಸಬೇಡಿ. ಪದೇ ಪದೇ ಅರ್ಧಕ್ಕೇ ನಿಂತರೆ ಉರಿಯದ ಡೀಸೆಲ್ ಇಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ಮಟ್ಟ ಇದ್ದಕ್ಕಿದ್ದಂತೆ ಮೇಲೇರಿದ್ದರೆ ಅದೇ ಕಾರಣ, ಆಯಿಲ್ ಬದಲಾಯಿಸಿ. ಜೊತೆಗೆ ಇಂಜಿನ್ ಲೈಟೂ ಬಂದು ಪಿಕಪ್ ಬಿದ್ದಿದ್ದರೆ ಓಡಿಸಿ ನೋಡುವ ಕಾಲ ಮುಗಿದಿದೆ, ಸರ್ವಿಸ್ ಸೆಂಟರಿಗೆ ಹೋಗಿ. ಜಾಲರಿ ಕಿತ್ತು ಹಾಕಿ ಸಾಫ್ಟ್‌ವೇರ್ ಬದಲಾಯಿಸಿಕೊಡುತ್ತೇವೆ ಅನ್ನುವವರ ಮಾತು ಕೇಳಬೇಡಿ. ಅದು ಕಾನೂನುಬಾಹಿರ, ವಾರಂಟಿಯೂ ಹೋಗುತ್ತದೆ.

ಸುಗ್ಗಿ ಕಾಲದಲ್ಲಿ ಹಳ್ಳಿ ರಸ್ತೆಗಳಲ್ಲಿ ಒಕ್ಕಣೆಗೆ ಹುರುಳಿ, ರಾಗಿ ಹರಡಿರುತ್ತಾರೆ. ಅದರ ಮೇಲೆ ಓಡಿಸಬೇಕಾದರೆ ನಿಧಾನಕ್ಕೆ ದಾಟಿ, ಮುಂದೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಹುರುಳಿ ಬಳ್ಳಿ ಸುತ್ತಿಕೊಂಡು ಬಿಸಿ ಪೈಪಿಗೆ ತಾಗಿದರೆ ಬೆಂಕಿ ಹತ್ತಬಹುದು. ರೀಜನರೇಷನ್ ಆಗುವಾಗ ಅಪಾಯ ಇನ್ನೂ ಜಾಸ್ತಿ. ಒಣಹುಲ್ಲಿನ ಮೇಲೆ ಪಾರ್ಕಿಂಗೂ ಬೇಡ.

ಹಂತ 8: ಗ್ಯಾರೇಜಿಗೆ ಕೊಡುವಾಗ

ವಾರಂಟಿ ಇದ್ದರೆ ನೇರ ಸರ್ವಿಸ್ ಸೆಂಟರ್. ವೈರ್ ಕತ್ತರಿಸಿ ಟೇಪ್ ಸುತ್ತುವ ಕೆಲಸ ಯಾರಿಗೂ ಬಿಡಬೇಡಿ. ಏರ್‌ಬ್ಯಾಗ್, ಎಬಿಎಸ್ ಕೋಡ್ ಇದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಡೀಸೆಲ್ ಇಂಜೆಕ್ಟರ್ ಬದಲಾಯಿಸಿದರೆ ಎಷ್ಟೋ ಗಾಡಿಗಳಲ್ಲಿ ಹೊಸ ಇಂಜೆಕ್ಟರಿನ ಮೇಲಿರುವ ಕೋಡನ್ನು ಇಸಿಯುಗೆ ಹಾಕಬೇಕು. ಎಎಂಟಿಯಲ್ಲಿ ಕ್ಲಚ್ ಬದಲಾದರೆ ಮತ್ತೆ ಕಲಿಸಬೇಕು. ಇದಕ್ಕೆ ಕಂಪನಿ ಮಟ್ಟದ ಸ್ಕ್ಯಾನರ್ ಬೇಕು, ನಿಮ್ಮ ಡಾಂಗಲ್ ಸಾಲದು. "ಇಸಿಯು ಹೋಗಿದೆ" ಅನ್ನೋ ಮಾತು ಬಂದರೆ, ಅದಕ್ಕೆ ಬರುವ ಕರೆಂಟ್, ಅರ್ಥ್ ಎರಡನ್ನೂ ಅಳೆದು ನೋಡಿದಿರಾ ಅಂತ ಕೇಳಿ.

ಮೆಕ್ಯಾನಿಕ್ ಹತ್ತಿರ "ಪಿ0171 ಬಂದಿದೆ, ಸೆನ್ಸರ್ ಹಾಕಿ" ಅನ್ನಬೇಡಿ. ಹೀಗೆ ಹೇಳಿ: "ಅಣ್ಣ, ಪಿ0171 ಬಂದಿದೆ. ಐಡ್ಲಿಂಗ್‌ನಲ್ಲಿ ಟ್ರಿಮ್ ಪ್ಲಸ್ 22 ಇದೆ, 2,500ರಲ್ಲಿ 6ಕ್ಕೆ ಇಳಿಯುತ್ತೆ. ಹೋಸ್ ಎಲ್ಲಾದರೂ ಲೀಕ್ ಇದೆಯಾ ನೋಡ್ತೀರಾ?" ಒಳ್ಳೆ ಮೆಕ್ಯಾನಿಕ್‌ಗೆ ಇದರಿಂದ ಬೇಜಾರಾಗಲ್ಲ, ಅರ್ಧ ಗಂಟೆ ಉಳಿಯುತ್ತದೆ. ಬದಲಾಯಿಸಿದ ಹಳೇ ಭಾಗ ವಾಪಸ್ ಕೇಳಿ ಪಡೆಯಿರಿ.

ಕೆಲಸ ಮುಗಿದ ಮೇಲೆ ಡಾಂಗಲ್ ಕಿತ್ತು ಗ್ಲವ್ ಬಾಕ್ಸಿಗೆ ಹಾಕಿ. ಆ ಪೋರ್ಟಿಗೆ ಕೀ ಆಫ್ ಇದ್ದರೂ ಕರೆಂಟ್ ಬರುತ್ತಲೇ ಇರುತ್ತದೆ. ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಬ್ಯಾಟರಿ ಡೌನ್ ಆಗಿರಬಹುದು.